ಮೂರನೆಯ ಬೇರಿಂಗು

ಹತ್ತಿ ಬಿಡಿಸುವ ಗಿರಣಿಯಲ್ಲಿ ನಾನು ಮಿಸ್ತ್ರಿಯಾಗಿದ್ದೆ ಎಂದರೆ ಮಾನ್ವಿಯ ನೆಂಟರು ಈಗಲೂ ಮೂಗು ಮುರಿಯುತ್ತಾರೆ. ಮನೆಯವರೆಲ್ಲ ಗುಡಿಯ ಪೂಜೆಯವರು. ನಾನೊಬ್ಬನೇ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತು, ಯುದ್ಧದ ವರ್ಷಗಳಲ್ಲಿ ರಾಯಚೂರಿನ ಗಿರಣಿಯೊಂದಕ್ಕೆ ಸೇರಿದೆ. ಎಂಜಿನು, ಅದು ತಿರುಗಿಸುವ ಉದ್ದನೆಯ ಶಾಫ್ಟು, ಅದರಿಂದ ಯಂತ್ರಗಳಿಗೆ ಹೋಗುವ ತೊಗಲಿನ ಪಟ್ಟಾ ಎಲ್ಲವೂ ನನ್ನ ವಶದಲ್ಲಿದ್ದವು. ನನ್ನ ಜಂಬ ಇಷ್ಟಿಷ್ಟಲ್ಲ.

ಶಾಫ್ಟನ್ನು ಹೊತ್ತ ಬೇರಿಂಗುಗಳಿಗೆ ಎಣ್ಣೆ ಹಾಕಲು ಚಂದ್ರಬಂಡದ ಒಬ್ಬ ಮುದುಕನಿದ್ದ. ಗಿರಣಿಯ ಸದ್ದಿನಲ್ಲೇ ಆಯುಷ್ಯ ಕಳೆದು ಅವನ ಕಿವಿ ಬಹುಮಟ್ಟಿಗೆ ಹೋಗಿತ್ತು. ಮಾತಾಡಬೇಕಾದರೆ ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು. ದಿನಾ ಎಂಜಿನು ಶುರುವಾದ ಮೇಲೆ ಅವನು ಬೇವಿನ ಕೋಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೇರಿಂಗಿನ ಮೇಲಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಶಾಫ್ಟಿನ ಅದುರಾಟ ಅವನ ದವಡೆಗೆ ತಿಳಿಯುತ್ತಿತ್ತು. ನನಗೆ ಅದು ನಗೆಪಾಟಲು.

"ಹಲ್ಲು ತಿಕ್ಕೋದಾತೇನು ಮುತ್ಯಾ?" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದೆ.

ಒಂದು ದಿನ ಅವನು ನನ್ನ ಅಂಗಿ ಹಿಡಿದು ಎಳೆದ.

"ಆಚಾರ್ರ, ಮೂರನೇ ಬೇರಿಂಗು ಗೊರಗೊರ ಅನ್ನಾಕತ್ತದ್ರಿ. ಅಮಾಸಿಗೆ ಬಿಚ್ಚಿ ನೋಡೂಣ್ರಿ."

ಅಂಗೈ ಇಟ್ಟು ನೋಡಿದೆ. ಬಿಸಿಯೇನೂ ಇರಲಿಲ್ಲ. ನನಗೆ ಕೇಳದ ಸದ್ದು ಈ ಕಿವುಡನಿಗೆ ಕೇಳಿತೇ ಎಂದು ಸಿಟ್ಟೂ ಬಂತು. ಸುಮ್ಮನಿರು ಎಂದು ಕೈಸನ್ನೆ ಮಾಡಿ ಕಳಿಸಿದೆ.

ಅಮಾವಾಸ್ಯೆಗೆ ಗಿರಣಿ ನಿಲ್ಲಿಸುವುದು ವಾಡಿಕೆ. ಹಗಲೆಲ್ಲ ಬೇರಿಂಗಿನ ಮುಚ್ಚಳ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದಿದೆಯೇ ನೋಡಿ ಮತ್ತೆ ಕೂಡಿಸಬೇಕು. ಸಂಜೆಗೆ ಪೂಜೆ. ಆ ಅಮಾವಾಸ್ಯೆಗೆ ದೇವದುರ್ಗದ ಕಡೆಯ ಹತ್ತಿ ಬಂಡಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಗಿರಣಿಯ ಸಾಹುಕಾರರು ಹೊರಗೆ ಬಂದರು. ಬಂಡಿಗಳನ್ನು ನೋಡಿದರು, ನನ್ನ ಮುಖ ನೋಡಿದರು, ಅಷ್ಟೇ. ಶಹಬ್ಬಾಸ್ ಅನ್ನಿಸಿಕೊಳ್ಳುವ ಚಟ ನನಗೆ. ಬಿಚ್ಚುವ ಕೆಲಸ ಬಿಟ್ಟು ಪೂಜೆಯೊಂದನ್ನು ಉಳಿಸಿಕೊಂಡೆ. ಎಲ್ಲ ಮುಚ್ಚಳಗಳನ್ನೂ ಮೇಲೆ ಮೇಲೆ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮಧ್ಯಾಹ್ನಕ್ಕೇ ಎಂಜಿನು ಶುರು ಮಾಡಿಸಿದೆ. ಪೂಜೆಯ ಮನೆತನದವನಲ್ಲವೇ, ಆ ಭಾಗದಲ್ಲಿ ಏನೂ ಕೊರತೆಯಾಗಲಿಲ್ಲ. ಮುಚ್ಚಳ ಬಿಚ್ಚಲು ಪಾನಾ ಹಿಡಿದು ನಿಂತಿದ್ದ ಮುದುಕ ಅದನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟ.

ಮೂರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಸುಟ್ಟ ವಾಸನೆ ಬಂತು. ಎಂಜಿನು ನಿಲ್ಲಿಸಿರೆಂದು ಕೂಗುವಷ್ಟರಲ್ಲಿ ಮೂರನೆಯ ಬೇರಿಂಗು ಶಾಫ್ಟನ್ನು ಕಚ್ಚಿ ಹಿಡಿದು, ಪಟ್ಟಾ ಹರಿದು ಗೋಡೆಗೆ ಬಡಿಯಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಮುಚ್ಚಳ ಬಿಚ್ಚಿದೆ. ಒಳಗಿನ ಲೋಹ ಕರಗಿತ್ತು. ಎಣ್ಣೆ ಇಳಿಯುವ ತೂತಿನಲ್ಲಿ ಹತ್ತಿಯ ಧೂಳು ಗಟ್ಟಿಯಾಗಿ ಕೂತಿತ್ತು. ಮುದುಕ ಹಾಕಿದ ಎಣ್ಣೆಯೆಲ್ಲ ಮೇಲೆಯೇ ನಿಂತಿತ್ತು. ಅಮಾವಾಸ್ಯೆಯಂದು ಬಿಚ್ಚಿದ್ದರೆ ಒಂದು ಕಡ್ಡಿಯಿಂದ ಕೆದಕಿ ತೆಗೆಯುವ ಕೆಲಸ. ಈಗ ಶಾಫ್ಟೇ ಕೆಟ್ಟಿತ್ತು. ಯುದ್ಧದ ಕಾಲದಲ್ಲಿ ಹೊಸದನ್ನು ಎಲ್ಲಿಂದ ತರುವುದು? ಸಾಹುಕಾರರು ಬರುವುದು ಕಂಡಿತು. ತೂತಿನ ಧೂಳನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡೆ.

"ಆಚಾರ್ರ, ಇವ ಎಣ್ಣಿ ಹಾಕಿದ್ದಿಲ್ಲೇನ್ರಿ? ಕೆಟ್ಟದ ಅಂತ ನಿಮಗ ಮೊದಲ ಏನರ ಹೇಳಿದ್ನೇನು?" ಮುದುಕನತ್ತ ಬೆರಳು ತೋರಿಸಿ ಸಾಹುಕಾರರು ಕೇಳಿದರು.

ಕೆಲಸ ಹೋದರೆ ಮಾನ್ವಿಗೆ ಯಾವ ಮುಖ ಹೊತ್ತು ಹೋಗಲಿ ಎಂಬುದೊಂದೇ ಆಗ ನನ್ನ ತಲೆಯಲ್ಲಿತ್ತು.

"ಏನೂ ಹೇಳಿದ್ದಿಲ್ರಿ," ಎಂದೆ. "ವಯಸ್ಸಾಗ್ಯದ. ಎಣ್ಣಿ ಹಾಕೋದು ಮರ್ತಿರಬೇಕ್ರಿ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿ ನಾನೇ. ಬರೆಯುವಾಗಲೂ ನಾಚಿಕೆಯಾಗುತ್ತದೆ. ಮುದುಕ ಒಂದು ಮಾರು ದೂರದಲ್ಲಿ ನಿಂತು ನಮ್ಮಿಬ್ಬರ ಬಾಯಿಗಳನ್ನೇ ನೋಡುತ್ತಿದ್ದ. ಸಾಹುಕಾರರು ಅವನತ್ತ ತಿರುಗಿ, ನಾಳೆಯಿಂದ ಬರಬೇಡವೆಂದು ಬಾಗಿಲ ಕಡೆ ಕೈ ಮಾಡಿದರು. ಅದಕ್ಕೆ ಕಿವಿ ಬೇಕಿರಲಿಲ್ಲ.

ಅವನು ವಲ್ಲಿ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದು ಕೈ ಮುಗಿದ.

"ನನ್ನ ಸಲುವಾಗಿ ಸಾವ್ಕಾರ್ರಿಗೆ ಅಷ್ಟ್ ಹೇಳಿದ್ರಿ ಆಚಾರ್ರ. ಅವರು ಕೇಳಲಿಲ್ಲ, ನೀವರ ಏನ್ ಮಾಡ್ತೀರಿ? ನಿಮ್ಮ ಉಪಕಾರ ಮರಿಯಂಗಿಲ್ರಿ."

ನಿಜ ಹೇಳಲು ಬಾಯಿ ತೆರೆದೆ. ಅವನಿಗೆ ಕೇಳಬೇಕಾದರೆ ಕೂಗಬೇಕು. ಕೂಗಿದರೆ ಅಲ್ಲೇ ನಿಂತಿದ್ದ ಸಾಹುಕಾರರಿಗೂ ಕೇಳುತ್ತದೆ. ನಾನೂ ಅವನಿಗೆ ಕೈ ಮುಗಿದೆ.