ಎಪೆನೇಸಾ ಮತ್ತು ಇಪ್ಪತ್ತೆರಡು ಕಂಬಗಳು

ಎಪೆನೇಸಾಳ ಮೇಜಿನ ಡ್ರಾಯರಿನಲ್ಲಿ ಹದಿನಾಲ್ಕು ಹಳೆಯ ಮೊಬೈಲುಗಳಿದ್ದವು. ಒಂದರ ಗಾಜು ಬಿರುಕು ಬಿಟ್ಟಿತ್ತು, ಇನ್ನೊಂದರ ಬೆನ್ನಿಗೆ ರಬ್ಬರ್ ಬ್ಯಾಂಡು, ಮತ್ತೊಂದು ಸಮುದ್ರಕ್ಕೆ ಬಿದ್ದು ಎದ್ದು ಬಂದದ್ದು. ಯಾರಾದರೂ ಅವನ್ನು ಎಸೆಯುವ ಮಾತೆತ್ತಿದರೆ ಜಗಳಕ್ಕೇ ನಿಲ್ಲುವಳು. ಸಮೋವಾದ ಆಪಿಯಾ ಪಟ್ಟಣದ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ರೂಡಿ ಎಂಬವನ ಕಚೇರಿ. ಅಲ್ಲಿ ಇಪ್ಪತ್ತೈದು ವರ್ಷದಿಂದ ಅವಳದ್ದು ವೆಬ್ ಪುಟಗಳ ಮುಖ ಕಟ್ಟುವ ಕೆಲಸ. ಅಂದರೆ ಜನ ಕಣ್ಣಿಂದ ನೋಡುವ, ಬೆರಳಿಂದ ಒತ್ತುವ ಭಾಗವೆಲ್ಲ ಅವಳದು. ಯಾವ ಪುಟ ಕಟ್ಟಿದರೂ ಹದಿನಾಲ್ಕರಲ್ಲೂ ತೆರೆದು ನೋಡದೆ ಅವಳು ಮನೆಗೆ ಹೋದದ್ದಿಲ್ಲ.

ಮೊದಲು ಆ ಕೆಲಸಕ್ಕೆ ಐದು ಜನರಿದ್ದರು. ಆಮೇಲೆ ಹೇಳಿದ್ದನ್ನೆಲ್ಲ ತಾನೇ ಬರೆದುಕೊಡುವ ಎಐ ಬಂತು. ಕಚೇರಿಯವರು ಅದಕ್ಕೆ ಮನೆಅಳಿಯ ಎಂದು ಹೆಸರಿಟ್ಟರು. ಹೆಂಡತಿಯ ಮನೆಯಲ್ಲಿ ಬಂದು ನಿಂತ ಗಂಡಸಿನ ಪಾಡು ಸಮೋವಾದಲ್ಲಿ ಯಾರಿಗೆ ಗೊತ್ತಿಲ್ಲ? ಬೆಳಿಗ್ಗೆ ಎದ್ದು ಒಲೆ ಹಚ್ಚಬೇಕು, ತೆಂಗಿನಕಾಯಿ ತುರಿಯಬೇಕು, ಯಾರು ಏನು ಹೇಳಿದರೂ ಹೂಂ ಅನ್ನಬೇಕು. ಇದೂ ಹಾಗೆಯೇ. ದಣಿವಿಲ್ಲ, ಎದುರು ಮಾತಿಲ್ಲ. ಆದರೆ ಆ ಮನೆಯ ರೀತಿ ರಿವಾಜು ಒಂದೂ ತಿಳಿಯದು. ಅದು ಬಂದ ವರ್ಷದೊಳಗೆ ನಾಲ್ವರು ಬೇರೆ ದಾರಿ ನೋಡಿಕೊಂಡರು. ಉಳಿದವಳು ಎಪೆನೇಸಾ ಒಬ್ಬಳು.

"ನೇಸಾ, ನಿನ್ನ ಹತ್ರ ಮುಚ್ಚಿಡೋದೇನಿದೆ," ಎಂದ ರೂಡಿ ಒಂದು ದಿನ. ಇಬ್ಬರೂ ಒಂದೇ ಮಿಷನ್ ಶಾಲೆಯಲ್ಲಿ ಓದಿದವರು, ಒಬ್ಬರು ಏಟು ತಿಂದದ್ದನ್ನು ಇನ್ನೊಬ್ಬರು ಕಂಡವರು. "ವೈಫೆತು ಊರಿನ ಪುಟ ಚೆನ್ನಾಗಾದ್ರೆ ಇನ್ನೂ ಮೂರು ಊರಿನವರು ಬರ್ತಾರೆ. ಆಗ ನೀನು ಇಲ್ಲೇ ಇರ್ತೀಯ. ಆಗ್ಲಿಲ್ಲ ಅಂದ್ರೆ, ಕೆಳಗಡೆ ಬಟ್ಟೆ ಅಂಗಡಿ ಪಕ್ಕ ನನ್ನ ಮೊಬೈಲ್ ಅಂಗಡೀಲಿ ಕೌಂಟರ್ ಖಾಲಿ ಇದೆ."

"ನಾನು ಸಿಮ್ ಕಾರ್ಡ್ ಮಾರ್ಬೇಕಾ?"

"ನಗ್ತಾ ನಗ್ತಾ ಮಾತಾಡ್ತೀಯ, ಚೆನ್ನಾಗಿ ಮಾರ್ತೀಯ."

ಎಪೆನೇಸಾ ನಕ್ಕಳು, ಆದರೆ ಅದು ತಮಾಷೆಯಲ್ಲವೆಂದು ಗೊತ್ತಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಬರುತ್ತಿದ್ದ ವಿದ್ಯೆ ಇದೊಂದೇ, ಇಷ್ಟವಾದದ್ದೂ ಇದೊಂದೇ.

ವೈಫೆತು ಅವಳ ಸ್ವಂತ ಊರು. ಆಕ್ಲೆಂಡಿನಲ್ಲೂ ಸಿಡ್ನಿಯಲ್ಲೂ ಹುಟ್ಟಿದ ಮೊಮ್ಮಕ್ಕಳಿಗೆ ಊರಿನ ಹಿರಿಯರು ಯಾರು, ಯಾರ ಮನೆತನ ಯಾವುದು ಎಂದು ತೋರಿಸಲು ಒಂದು ಪುಟ ಬೇಕೆಂದು ಪಂಚಾಯಿತಿ ಬಯಸಿತ್ತು. ಅವಳ ಅಪ್ಪ ಲೆಫಾಓ ಅಲ್ಲಿಯ ಮಾತುಗಾರ ಮುಖಂಡ. ಊರಿನ ಪರವಾಗಿ ಸಭೆಯಲ್ಲಿ ಬಾಯಿ ತೆರೆಯುವ ಹಕ್ಕು ಆ ಪಟ್ಟದವರದು. ಮಗಳ ಕೆಲಸಕ್ಕೆ ನಾನು ಜವಾಬ್ದಾರ ಎಂದು ಅವನೇ ಹೇಳಿಬಂದಿದ್ದ.

ಮನೆಅಳಿಯನಿಗೆ ಇಪ್ಪತ್ತೆರಡು ಹಿರಿಯರ ಪಟ್ಟದ ಹೆಸರು ಕೊಟ್ಟಾಗ ಅದು ಅಕ್ಷರಕ್ರಮದಲ್ಲಿ ಮುದ್ದಾಗಿ ಸಾಲುಗಟ್ಟಿಸಿತು. ಎಪೆನೇಸಾ ಹಣೆ ಚಚ್ಚಿಕೊಂಡಳು. ಸಭೆಯ ದುಂಡುಮನೆಯಲ್ಲಿ ಪ್ರತಿಯೊಬ್ಬನಿಗೂ ಅವನದೇ ಕಂಬವಿದೆ. ಅಜ್ಜ ಒರಗಿದ ಕಂಬಕ್ಕೇ ಮೊಮ್ಮಗನೂ ಒರಗಬೇಕು. ದುಂಡಾಗಿ ಕೂತವರನ್ನು ಮೇಲಿಂದ ಕೆಳಕ್ಕೆ ಪಟ್ಟಿ ಮಾಡುವುದುಂಟೇ? ಹಾಗಾಗಿ ಪುಟದಲ್ಲಿ ದುಂಡುಮನೆಯನ್ನೇ ಬರೆಸಿ, ಕಂಬ ಕಂಬಕ್ಕೂ ಹೆಸರಿಟ್ಟಳು. ಮೊಬೈಲಿನ ಕಿರಿದಾದ ತೆರೆಯಲ್ಲಿ ದುಂಡು ಹಿಡಿಸದೆಂದು ಎರಡು ಸಾಲಾಗಿ ಎದುರುಬದುರು ಕೂರಿಸಿದಳು. ಹದಿನಾಲ್ಕರಲ್ಲೂ ನೋಡಿದಳು. ಎಲ್ಲ ಸರಿಯಿತ್ತು.

ಶುಕ್ರವಾರ ಸಭೆಯಲ್ಲಿ ಹಿರಿಯರೆಲ್ಲ ಒಟ್ಟಿಗೆ ಮೊಬೈಲ್ ತೆರೆದರು. ರೂಡಿಯೂ ಹೊಸ ಲಾವಲಾವ ಪಂಚೆ ಉಟ್ಟು ಬಂದು ಕೂತಿದ್ದ. ಹೆಬ್ಬೆರಳುಗಳು ಮೇಲೆ ಕೆಳಗೆ ಓಡಾಡಿದವು. ಆಮೇಲೆ ಊರಿನ ಅತಿ ಹಿರಿಯ ಪಟ್ಟದ ತುಇಸಲೇಗಾ ಮೆಲ್ಲಗೆ ಕೇಳಿದ: "ಲೆಫಾಓ, ನನ್ನನ್ನ ಹಂದಿ ದೊಡ್ಡಿ ಹತ್ರ ಯಾಕಪ್ಪಾ ಕೂರಿಸಿದ್ದೀರಿ?"

ಎಪೆನೇಸಾ ಮಂಡಿಯೂರಿ ಹೋಗಿ ನೋಡಿದಳು. ಎಪ್ಪತ್ತೆಂಟರ ಆ ಹಿರಿಯನ ಮೊಬೈಲಿನಲ್ಲಿ ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು. ಕಣ್ಣು ಮಂಜಾದ ಮೇಲೆ ಮೊಮ್ಮಗಳು ಹಾಗೆ ಮಾಡಿಕೊಟ್ಟಿದ್ದಳು. ಅಷ್ಟು ದೊಡ್ಡ ಅಕ್ಷರಕ್ಕೆ ಎರಡು ಸಾಲು ಒಡೆದು, ಅವನ ಉದ್ದನೆಯ ಹೆಸರು ಜಾರಿ ಪುಟದ ತಳಕ್ಕೆ ಬಂದು, ಊರಿನ ಹಂದಿಗಳ ಚಿತ್ರದ ಕೆಳಗೆ ಕೂತಿತ್ತು. ಪಕ್ಕದವನ ಮೊಬೈಲಿನಲ್ಲಿ ಅಕ್ಷರ ಇನ್ನೊಂದು ಅಳತೆಯದು, ಅಲ್ಲಿ ಬೇರೊಬ್ಬ ಜಾರಿದ್ದ. ಇಪ್ಪತ್ತೆರಡು ಮೊಬೈಲಿನಲ್ಲಿ ಇಪ್ಪತ್ತೆರಡು ಬಗೆಯ ಅವಮಾನ!

ಹದಿನಾಲ್ಕು ಮೊಬೈಲಿನಲ್ಲಿ ಪರೀಕ್ಷೆ ಮಾಡಿದವಳು ಒಂದರಲ್ಲೂ ಅಕ್ಷರ ದೊಡ್ಡದು ಮಾಡಿ ನೋಡಿರಲಿಲ್ಲ. ಯಾಕೆಂದರೆ, ಹೇಳಿಬಿಡುತ್ತೇನೆ, ಅವಳಿಗೂ ಚಾಳೀಸು ಬಂದಿತ್ತು. ಅದನ್ನು ಒಪ್ಪಿಕೊಳ್ಳಲಾರದೆ ಮೊಬೈಲನ್ನು ಮಾರುದ್ದ ಹಿಡಿದು ಓದುತ್ತಿದ್ದಳು. ಅಕ್ಷರ ಹಿಗ್ಗಿಸುವುದು ಮುದುಕರ ಕೆಲಸ ಎಂಬ ಜಂಬ.

"ಈಗಿನ ಯಂತ್ರ ಸ್ವಲ್ಪ..." ಎಂದು ರೂಡಿ ಶುರು ಮಾಡಿದ.

"ಯಂತ್ರದ್ದಲ್ಲ, ದೊಡ್ಡವರೇ. ತಪ್ಪು ನಂದು," ಎಂದು ಎಪೆನೇಸಾ ತಲೆ ತಗ್ಗಿಸಿ ಕೂತುಬಿಟ್ಟಳು. ಅಪ್ಪ ಬೇರೆ ಕಡೆ ನೋಡುತ್ತಿದ್ದ. ಪಂಚಾಯಿತಿ ದಂಡ ಹಾಕಿತು: ಒಂದು ಹೆಣ್ಣುಹಂದಿ, ಹತ್ತು ಪೆಟ್ಟಿಗೆ ಡಬ್ಬಿ ಮೀನು. ಒಂದು ವಾರದಲ್ಲಿ ಸರಿಯಾಗದಿದ್ದರೆ ಪುಟವೇ ಬೇಡ.

ವಾಪಸು ಬರುವಾಗ ವ್ಯಾನಿನಲ್ಲಿ ರೂಡಿ ಸಮಾಧಾನ ಹೇಳಿದ. "ಕೌಂಟರ್ ಕೆಲಸ ಅಷ್ಟೇನೂ ಕೆಟ್ಟದ್ದಲ್ಲ ನೇಸಾ. ಫ್ಯಾನ್ ಇದೆ."

ಮನೆಅಳಿಯ ನಿಮಿಷದಲ್ಲಿ ಆರು ಉಪಾಯ ಹೇಳಿತು. ಅಕ್ಷರ ದೊಡ್ಡದಾಗದಂತೆ ತಡೆಯಬಹುದು. ಪುಟವನ್ನು ಅಡ್ಡಡ್ಡ ಎಳೆದು ಓದುವಂತೆ ಮಾಡಬಹುದು. ಹೆಸರುಗಳನ್ನು ಮೊಟಕು ಮಾಡಬಹುದು. ಹಿರಿಯರ ಹೆಸರಿನ ಬಾಲ ಕತ್ತರಿಸಿದರೆ ದಂಡ ಹತ್ತು ಪೆಟ್ಟಿಗೆಗೆ ನಿಲ್ಲುತ್ತದೆಯೇ? ಅವಳು ಕಂಪ್ಯೂಟರ್ ಮುಚ್ಚಿ, ಒಂದು ಡಬ್ಬಿ ಪಾನಿಕೇಕೆ ಎಂಬ ಕರಿದ ಸಿಹಿ ಉಂಡೆ ಕಟ್ಟಿಕೊಂಡು, ಸೋಮವಾರ ಬಸ್ಸು ಹತ್ತಿ ಊರಿಗೆ ಹೋದಳು.

"ಏನಮ್ಮಾ, ಕೆಲಸ ಬಿಟ್ಟು ಬಂದ್ಯಾ, ಕೆಲಸ ಬಿಡಿಸಿಕೊಂಡು ಬಂದ್ಯಾ?" ಎಂದ ಅಪ್ಪ.

"ಇದೇ ಕೆಲಸ ಅಪ್ಪ. ನೀವೆಲ್ಲ ಹೇಗೆ ಓದ್ತೀರಿ ಅಂತ ನೋಡ್ಬೇಕು."

ಎರಡು ದಿನ ಹಿರಿಯರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಬೆರಳುಗಳನ್ನೇ ನೋಡಿದಳು. ತುಇಸಲೇಗಾ ಚಿತ್ರಗಳತ್ತ ಕಣ್ಣೇ ಹಾಯಿಸುತ್ತಿರಲಿಲ್ಲ. ತುಟಿ ಅಲುಗಿಸುತ್ತ ಒಂದೊಂದೇ ಪದ ಓದಿ ಹೆಬ್ಬೆರಳಿಂದ ಮೇಲೆ ತಳ್ಳುತ್ತಿದ್ದ. "ಮೂರು ಪದಕ್ಕೆ ಒಂದು ಪುಟ ಆಗತ್ತೆ ನೋಡು. ಆದ್ರೂ ಯಾರನ್ನೂ ಕೇಳ್ದೆ ನಾನೇ ಓದ್ತೀನಿ," ಎಂದು ಅವಳ ಪಾನಿಕೇಕೆ ಮೆಲ್ಲುತ್ತ ಹೆಮ್ಮೆಪಟ್ಟ. ಅಕ್ಷರ ದೊಡ್ಡದಾಗದಂತೆ ತಡೆಯುವ ಉಪಾಯ ನೆನೆದು ಅವಳಿಗೆ ನಾಚಿಕೆಯಾಯಿತು.

ಬುಧವಾರ ಬೆಳಿಗ್ಗೆ ಪಕ್ಕದ ಊರಿನಿಂದ ನೆಂಟರು ಬಂದರು. ದುಂಡುಮನೆಯಲ್ಲಿ ಕೂತು, ಅವರ ಮಾತುಗಾರ ವೈಫೆತುವಿನ ಹಿರಿಯರಿಗೆ ವಂದನೆ ಹೇಳಿದ. ಪಟ್ಟ ಪಟ್ಟವನ್ನೂ ಹೊಗಳಿ ಕರೆಯುವ ಆ ವಂದನೆ ಎಪೆನೇಸಾ ಸಾವಿರ ಸಲ ಕೇಳಿದ್ದೇ. ಇಪ್ಪತ್ತೆರಡು ಹೆಸರೂ ಒಂದೇ ಓಟದಲ್ಲಿ ಬಂದವು. ಯಾವ ಹಿರಿಯನೂ ನಾನು ಮೇಲೋ ಕೆಳಗೋ ಎಂದು ಕೇಳಲಿಲ್ಲ. ಎಲ್ಲರ ಬೆನ್ನೂ ನೆಟ್ಟಗಾಯಿತು. ಮಾತಿಗೆ ಸಾಲೆಲ್ಲಿದೆ, ಮೂಲೆಯೆಲ್ಲಿದೆ? ಅಕ್ಷರ ಎಷ್ಟೇ ದೊಡ್ಡದಾಗಲಿ, ವಾಕ್ಯ ಅಲ್ಲಲ್ಲಿ ಮುರಿದು ಮುಂದಕ್ಕೆ ಹೋಗುತ್ತದೆ, ಯಾರೂ ಜಾರಿ ಬೀಳುವುದಿಲ್ಲ. ಇಪ್ಪತ್ತೈದು ವರ್ಷ ಪುಟ ಕಟ್ಟಿದವಳಿಗೆ ಇದು ಹೊಳೆಯಲು ನೆಂಟರು ಬರಬೇಕಾಯಿತಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ವಂದನೆಯನ್ನು ಅಪ್ಪ ಹೇಳಿದ, ಅವಳು ಬರೆದುಕೊಂಡಳು.

"ಅಲ್ಲಿ ನಿಲ್ಲಿಸ್ಬೇಡ. ಉಸಿರು ತಗೊಳ್ಳೋದು ಇಲ್ಲಿ," ಎಂದು ಅವನು ನಾಲ್ಕು ಸಲ ತಿದ್ದಿಸಿದ.

"ನೀವು ರೂಡಿಗಿಂತ ಕಷ್ಟ ಅಪ್ಪ."

"ತಪ್ಪಾದ್ರೆ ರೂಡಿನ ನೋಡಿ ಊರು ನಗತ್ತಾ? ನನ್ನ ನೋಡಿ ನಗತ್ತೆ."

ದೊಡ್ಡ ತೆರೆಯಲ್ಲಿ ದುಂಡುಮನೆ, ಜಾಗ ಸಾಲದ ಕಡೆ ವಂದನೆಯ ಮಾತು. ಹೀಗೆ ಮಾಡು ಎಂದದ್ದೇ ತಡ, ಮನೆಅಳಿಯ ಹನ್ನೊಂದು ನಿಮಿಷದಲ್ಲಿ ಮುಗಿಸಿಕೊಟ್ಟಿತು. ಅವಳು ಅಕ್ಷರವನ್ನು ಹಿಗ್ಗಿಸುವಷ್ಟು ಹಿಗ್ಗಿಸಿ ನೋಡಿದಳು. ತನ್ನ ಮೊಬೈಲಿನಲ್ಲಿ ಹಾಗೆಯೇ ಬಿಟ್ಟಳು ಕೂಡ. ಓದಲು ಎಷ್ಟು ಸುಖ!

ಶುಕ್ರವಾರ ಮತ್ತೆ ಸಭೆ. ತುಇಸಲೇಗಾ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದತೊಡಗಿದ. ಮೂರು ಪದ, ಹೆಬ್ಬೆರಳು; ಮೂರು ಪದ, ಹೆಬ್ಬೆರಳು. ಇಪ್ಪತ್ತೆರಡನೆಯ ಹೆಸರಿನವರೆಗೂ ಹಾಗೇ ಓದಿದ. ಮುಗಿದ ಮೇಲೆ "ಮಾಲೋ" ಎಂದ. ಸುತ್ತಲ ಕಂಬಗಳಿಂದ ಮಾಲೋ, ಮಾಲೋ ಎಂಬ ಮೆಚ್ಚುಗೆ ಬಂತು.

ಹಿಗ್ಗಿದ ರೂಡಿಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. "ಹನ್ನೊಂದೇ ನಿಮಿಷ, ದೊಡ್ಡವರೇ. ಯಂತ್ರವೇ ಮಾಡಿದ್ದು. ಈಗ ಕಲ್ತಿದೆ. ಮುಂದಿನ ಮೂರು ಊರಿಗೂ ಮಾಡ್ಬಿಡತ್ತೆ, ಜನವೇ ಬೇಡ."

ಎಪೆನೇಸಾಳ ಮುಖ ಇಳಿದುಹೋಯಿತು. ಗೆದ್ದ ಗಳಿಗೆಯಲ್ಲೇ ಕೌಂಟರು ಕಣ್ಣ ಮುಂದೆ ಬಂತು. 

ತುಇಸಲೇಗಾ ಮೊಬೈಲನ್ನು ಚಾಪೆಯ ಮೇಲಿಟ್ಟ. "ಹೋದ ವಾರ ಇದು ಕೆಟ್ಟಾಗ ನನ್ನ ಮುಂದೆ ತಲೆ ತಗ್ಗಿಸಿ ಕೂತಿದ್ದು ಯಾರಪ್ಪಾ?"

"ಎಪೆನೇಸಾ," ಎಂದ ರೂಡಿ.

"ಯಂತ್ರ ಬಂದಿತ್ತಾ?"

"ಇಲ್ಲ."

"ಹಾಗಾದ್ರೆ ಈ ಪುಟ ಇವಳದ್ದು. ಆ ಮೂರು ಊರಿನಲ್ಲೊಂದು ನನ್ನ ಹೆಂಡ್ತಿ ತವರು. ಅಲ್ಲೂ ಏನಾದ್ರೂ ಕೆಡತ್ತೆ, ಕೆಡದೆ ಇರಲ್ಲ. ಕೆಟ್ಟಾಗ ತಪ್ಪು ನಂದು ಅನ್ನೋಕೆ ಒಬ್ರು ಬೇಕು. ಇವಳನ್ನ ಕಳಿಸೋದಾದ್ರೆ ನಾನು ಮಾತಾಡ್ತೀನಿ. ಇಲ್ಲಾಂದ್ರೆ ಇಲ್ಲ."

ರೂಡಿ ಒಮ್ಮೆ ಹಿರಿಯನನ್ನು, ಒಮ್ಮೆ ಎಪೆನೇಸಾಳನ್ನು ನೋಡಿದ. "ಇವಳೇ ಬರ್ತಾಳೆ, ದೊಡ್ಡವರೇ. ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ಕೊತೀನಿ."

ಎಪೆನೇಸಾ ಆಗ ಅತ್ತಳು. ಇಪ್ಪತ್ತೆರಡು ಹಿರಿಯರ ನಡುವೆ, ಮೂಗು ಒರೆಸಿಕೊಳ್ಳಲು ಏನೂ ಸಿಗದೆ, ನಗುತ್ತಲೇ ಅತ್ತಳು. ಅವಳ ಅಪ್ಪ, ಊರಿನ ಪರವಾಗಿ ಮಾತಾಡುವ ಲೆಫಾಓ, ವಂದನೆ ಹೇಳಲು ಬಾಯಿ ತೆರೆದವನು ಒಂದು ಮಾತೂ ಹೊರಡದೆ ಹಾಗೇ ಕೂತಿದ್ದ.