ಸೊನ್ನೆಯಲ್ಲಿ ಮುಗಿಯುವ ಮಕ್ಕಳು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಸೊನ್ನೆಯಕ್ಕ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಅದರಲ್ಲಿ ಬೇಜಾರಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಜಂಬವೇ ಇತ್ತು. ಆ ಹೆಸರು ಬಂದದ್ದು ಅವಳೇ ಮಾಡಿದ ಒಂದು ನಿಯಮದಿಂದ, ಅದೂ ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮ. ಅದೇ ಕೊನೆಗೆ ಅವಳ ಕೊರಳಿಗೆ ಸುತ್ತಿಕೊಂಡಿತು. ಅದರ ಕಥೆ ಹೇಳುತ್ತೇನೆ, ಕೇಳಿ. ಕೊನೆಯಲ್ಲಿ ಎಲ್ಲ ಸರಿಹೋಗಬೇಕು ಅನ್ನುವವರು ಈಗಲೇ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಜಿಲ್ಲೆಯ ಮಕ್ಕಳ ಕಲ್ಯಾಣ ಕಚೇರಿ ಎರಡನೇ ಮಹಡಿಯಲ್ಲಿತ್ತು. ಕೆಳಗೆ ವಾಹನಗಳ ನೋಂದಣಿ, ಮೇಲೆ ಮಕ್ಕಳದು. ಮನೆಯಲ್ಲಿ ಏಟು ತಿಂದ ಮಕ್ಕಳು, ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಕ್ಕಳು, ಇದ್ದರೂ ಇಲ್ಲದಂತಿರುವವರ ಮಕ್ಕಳು, ಇವರನ್ನೆಲ್ಲ ಸಾಕಲು ಒಪ್ಪಿದ ಮನೆಗಳಲ್ಲಿ ಇರಿಸುವುದು, ಆಮೇಲೆ ತಿಂಗಳಿಗೊಮ್ಮೆ ಹೋಗಿ ಮಗು ಹೇಗಿದೆ ಅಂತ ನೋಡಿ ಬರುವುದು ಅಲ್ಲಿನ ಕೆಲಸ. ಹೋಗಿ ನೋಡುವವರಿಗೆ ಫೀಲ್ಡಿನವರು ಅಂತ ಹೆಸರು. ಅವರು ಸರಿಯಾಗಿ ನೋಡಿದರೋ ಇಲ್ಲವೋ ಅಂತ ಫೈಲು ಓದಿ ಅಂಕ ಹಾಕುವವಳು ಸೊನ್ನೆಯಕ್ಕ. ಮಗುವಿಗೊಂದು ಫೈಲು, ಫೈಲಿಗೊಂದು ನಂಬರು. ಅವಳ ಹತ್ತಿರ ಇಪ್ಪತ್ತೆರಡು ಪ್ರಶ್ನೆಗಳ ಒಂದು ಹಾಳೆ. ಭೇಟಿ ತಪ್ಪದೆ ನಡೆಯಿತೇ? ಮಗುವನ್ನು ಒಂಟಿಯಾಗಿ ಮಾತಾಡಿಸಿದರೇ? ಮಗು ಏನು ಹೇಳಿತು? ಎಲ್ಲ ಕೂಡಿ ಭಾಗಿಸಿದರೆ ನೂರಕ್ಕೆ ಇಷ್ಟು ಅಂತ ಜಿಲ್ಲೆಯ ಅಂಕ ಬರುತ್ತಿತ್ತು.

ಒಂದು ವಿಚಿತ್ರ ನೋಡಿ. ಹನ್ನೆರಡು ವರ್ಷದ ಕೆಲಸದಲ್ಲಿ ಅವಳು ಒಂದೇ ಒಂದು ಮಗುವನ್ನೂ ಕಣ್ಣಾರೆ ಕಂಡಿರಲಿಲ್ಲ. ಅಂಕ ಹಾಕುವವರು ಮಕ್ಕಳನ್ನು ನೋಡಿದರೆ ಮನಸ್ಸು ಒಂದು ಕಡೆ ವಾಲುತ್ತದೆ ಅಂತ ಮೇಲಿನವರ ಕಟ್ಟಪ್ಪಣೆ. ಹಾಗಾಗಿ ಅವಳಿಗೆ ಮಕ್ಕಳೆಂದರೆ ಫೈಲಿನ ಮೂಲೆಗೆ ಪಿನ್ನು ಚುಚ್ಚಿದ ಫೋಟೊ, ಅಷ್ಟೇ.

ಅವಳು ಬರುವ ಮುಂಚೆ, ಚೆನ್ನಾಗಿರುವ ಫೈಲುಗಳನ್ನು ಸಾಹೇಬರೇ ಆರಿಸಿ ಕಳಿಸುತ್ತಿದ್ದರಂತೆ. ಬಂದವಳೇ ಇವಳು ಜಗಳಕ್ಕೆ ನಿಂತಳು. ಎರಡು ಸಾವಿರ ಚಿಲ್ಲರೆ ಫೈಲು ಒಬ್ಬಳ ಕೈಲಿ ಓದಲಾಗದು, ಸರಿ. ಹಾಗಾದರೆ ನಂಬರಿನ ಕೊನೆಯಲ್ಲಿ ಸೊನ್ನೆ ಇರುವ ಫೈಲು ಮಾತ್ರ ಓದುತ್ತೇನೆ, ಹತ್ತಕ್ಕೊಂದು, ಯಾರ ಮುಲಾಜೂ ಬೇಡ ಅಂದಳು. ಆ ವರ್ಷ ಅಂಕ ಐವತ್ತೆರಡಕ್ಕೆ ಕುಸಿಯಿತು. ಫೀಲ್ಡಿನವರು ಹಲ್ಲು ಕಡಿದರು, ಸಾಹೇಬರು ಒಂದು ತಿಂಗಳು ಮಾತು ಬಿಟ್ಟರು. ಆಮೇಲೆ ನೋಡಿ, ಅಂಕ ಏರತೊಡಗಿತು. ಅರವತ್ನಾಲ್ಕು, ಎಪ್ಪತ್ತೇಳು, ಎಂಬತ್ತೈದು. ಹೋದ ವರ್ಷ ತೊಂಬತ್ಮೂರು! ಗೋಡೆಗೆ ಫಲಕ ಬಂತು. ಸೊನ್ನೆಯಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತನ್ನಿಂದ ಆ ಮಕ್ಕಳಿಗೆಲ್ಲ ಒಳ್ಳೆಯದಾಯಿತು ಅಂತ ಅವಳು ನಂಬಿದ್ದಳು, ನಿಜವಾಗಿ ನಂಬಿದ್ದಳು.

ಅವಳ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರು. ಸಂಜೆ ಟೀ ಕುಡಿಯುತ್ತಾ ಫಲಕದ ಸುದ್ದಿ ಹೇಳಿದರೆ ಅವನಿಗೆ ನಗು.

"ನಮ್ಮ ಡಿಪೋಗೆ ತೊಂಬತ್ತಾರು ಬಂದಿತ್ತು ಕಣೇ. ಚೆಕಿಂಗ್‌ನವರು ಯಾವಾಗ್ಲೂ ಮಾರ್ಕೆಟ್ ಸ್ಟಾಪಲ್ಲೇ ನಿಲ್ತಾರೆ ಅಂತ ಡ್ರೈವರ್‌ಗಳಿಗೆಲ್ಲ ಗೊತ್ತು. ಅಲ್ಲಿಗೆ ಗಡಿಯಾರ ಇಟ್ಟ ಹಾಗೆ ಬರ್ತಾರೆ. ಮುಂದಿನ ಸ್ಟಾಪಲ್ಲಿ ಜನ ನಿಂತೂ ನಿಂತೂ ಬೇರು ಬಿಟ್ಟಿರ್ತಾರೆ."

"ನಮ್ಮದು ಬಸ್ಸಲ್ಲ, ಮಕ್ಕಳು," ಅಂತ ಸಿಡುಕಿದಳು.

"ತಮಾಷೆಗೆ ಅಂದೆ ಬಿಡೇ. ಮೂಗಿನ ತುದೀಲೇ ಕೋಪ ನಿಂಗೆ."

ತಮಾಷೆಯೋ ಏನೋ, ಮಾತು ಮಾತ್ರ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಮರುದಿನ ಹೊಸ ವರ್ಷದ ಪಾಲಿನ ಮೊದಲ ಫೈಲು ತೆಗೆದಳು. ನಂಬರು 2340. ಹನ್ನೊಂದು ವರ್ಷದ ಹುಡುಗಿ, ಬಂದು ಹದಿನಾಲ್ಕು ತಿಂಗಳು, ಹದಿನಾಲ್ಕು ಭೇಟಿ. ಫೈಲು ಅಂದರೆ ಹಾಗಿರಬೇಕು, ಒಂದು ಸಹಿ ಕೂಡ ತಪ್ಪಿಲ್ಲ. ಹೋದ ಸಲವೂ ಅವಳೇ ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದಳು. ಆದರೆ ಈ ಸಲ 'ಮಗು ಏನು ಹೇಳಿತು' ಅನ್ನುವ ಜಾಗ ಓದುತ್ತಾ ಹೋದರೆ ಹದಿನಾಲ್ಕು ಸಲವೂ ಒಂದೇ ಮಾತು. 'ತಂಗಿ ಹೇಗಿದ್ದಾಳೆ, ನಮ್ಮಿಬ್ಬರನ್ನೂ ಯಾವಾಗ ಒಂದೇ ಮನೆಯಲ್ಲಿ ಇಡುತ್ತೀರಿ ಎಂದು ಕೇಳಿದಳು. ತಂಗಿ ಚೆನ್ನಾಗಿದ್ದಾಳೆ, ಪ್ರಯತ್ನದಲ್ಲಿದೆ ಎಂದು ತಿಳಿಸಲಾಯಿತು.'

ಒಂದೇ ದಿನ ಬಂದ ಮಕ್ಕಳು. ಅಂದ ಮೇಲೆ ತಂಗಿಯದು 2341 ಇರಬೇಕು. ಸೊನ್ನೆಯಕ್ಕ ಎದ್ದು ಬೀರುವಿಂದ ತಾನೇ ತೆಗೆದಳು. ಐದು ವರ್ಷದ ಮಗುವಿನ ಫೋಟೊ, ಕಳಿಸಿದ ಆದೇಶ, ಮೊದಲ ತಿಂಗಳ ಒಂದು ಭೇಟಿಯ ವರದಿ. ಆಮೇಲೆ ಏನೂ ಇಲ್ಲ, ಬರೀ ಖಾಲಿ ಹಾಳೆ. 2342 ತೆಗೆದಳು, ಖಾಲಿ. 1187, ಖಾಲಿ. 963ರಲ್ಲಿ ಮೂರು ವರ್ಷಕ್ಕೆ ಎರಡು ಭೇಟಿ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಫೈಲು ನೆಲದ ಮೇಲೆ ಬಿದ್ದಿದ್ದವು. ತಲೆಯೆತ್ತಿ ಬೀರು ನೋಡಿದಳು. ಸಾಲಾಗಿ ನಿಂತ ಫೈಲುಗಳಲ್ಲಿ ಒಂದು ದಪ್ಪ, ಒಂಬತ್ತು ತೆಳು. ಮತ್ತೆ ಒಂದು ದಪ್ಪ, ಒಂಬತ್ತು ತೆಳು. ಓದುವುದೇ ಬೇಡ, ದೂರದಿಂದ ನೋಡಿದರೆ ಸಾಕು! ಹನ್ನೆರಡು ವರ್ಷ ದಿನಾ ಆ ಬೀರುವಿನ ಮುಂದೆಯೇ ಓಡಾಡಿದ್ದಳು, ಪುಣ್ಯಾತ್ಗಿತ್ತಿ.

ಆ ಅಕ್ಕತಂಗಿಯರ ಫೀಲ್ಡಿನವಳು ಮೂವತ್ತು ದಾಟದ ಹೆಣ್ಣುಮಗಳು. ಹೆಗಲಲ್ಲಿ ಯಾವಾಗಲೂ ಚೀಲ, ಕಾಲಲ್ಲಿ ಸವೆದು ಹಾಳೆಯಾದ ಚಪ್ಪಲಿ. ಅವಳನ್ನು ಕೂರಿಸಿಕೊಂಡು ಸೊನ್ನೆಯಕ್ಕ ಕೇಳಿದಳು.

"ತಂಗಿ ಚೆನ್ನಾಗಿದ್ದಾಳೆ ಅಂತ ತಿಂಗಳು ತಿಂಗಳು ಬರ್ದಿದ್ದೀಯಲ್ಲ, ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ ಅಕ್ಕಾ. ಕೆಟ್ಟ ಸುದ್ದಿ ಏನೂ ಬಂದಿರ್ಲಿಲ್ಲವಲ್ಲ."

"ಅಂದ್ರೆ ಮೊದಲ ತಿಂಗಳಾದ ಮೇಲೆ ಹೋಗೇ ಇಲ್ಲ!"

"ಯಾವಾಗ ಹೋಗ್ಲಿ, ಹೇಳಿ? ನನ್ನ ಪಾಲಿಗೆ ತೊಂಬತ್ತು ಮಕ್ಕಳು. ಕೋರ್ಟು, ಮೀಟಿಂಗು, ನಿಮ್ಮ ಹಾಳೆ ತುಂಬೋದು, ಇವೆಲ್ಲ ಕಳೆದ್ರೆ ತಿಂಗಳಿಗೆ ಒಂಬತ್ತು ಹತ್ತು ದಿನ ಉಳಿಯುತ್ತೆ. ಒಂದು ಮನೆಗೆ ಹೋಗಿ ಬಂದ್ರೆ ಒಂದು ದಿನ ಮುಗೀತು." ಅವಳ ದನಿ ಏರಿತು. "ಕೆಲಸಕ್ಕೆ ಸೇರಿದ ದಿನಾನೇ ಹಿರಿಯರು ಹೇಳ್ಕೊಟ್ರು, ಸೊನ್ನೆ ಮಾತ್ರ ಬಿಡ್ಬೇಡ, ಉಳಿದದ್ದು ಕೈಲಾದಾಗ ನೋಡು ಅಂತ. ನೀವು ಯಾರನ್ನ ನೋಡ್ತೀರೋ ಅವರನ್ನ ನಾವು ನೋಡ್ತೀವಿ. ನಿಯಮ ನೀವೇ ಮಾಡಿದ್ದಲ್ವಾ ಅಕ್ಕಾ?"

ಬೈಯಬೇಕು ಅಂತ ಬಾಯಿ ತೆರೆದ ಸೊನ್ನೆಯಕ್ಕ ಬೈಯುವುದು ಬಿಟ್ಟು ಬೆರಳು ಮಡಿಸಿ ಎಣಿಸಿದಳು. ತೊಂಬತ್ತರಲ್ಲಿ ಸೊನ್ನೆಯವು ಒಂಬತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಮರುದಿನ ಅಪ್ಪಣೆ ಗಿಪ್ಪಣೆ ನೋಡದೆ ಇಬ್ಬರೂ ಎರಡು ಬಸ್ಸು ಬದಲಿಸಿ 2341ರ ಮನೆಗೆ ಹೋದರು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಸಂದಿಯಲ್ಲಿ ಜಾಹೀರಾತಿನ ಚೀಟಿಗಳು ತುರುಕಿಕೊಂಡು ಮಳೆಗೆ ನೆನೆದು ಒಣಗಿದ್ದವು. ಪಕ್ಕದ ಮನೆಯ ಹೆಂಗಸು ಬಟ್ಟೆ ಹಿಂಡಿ ಹಾಕುತ್ತಿದ್ದಳು.

"ಅವರಾ? ಬಿಟ್ಟು ಹೋಗಿ ಹತ್ತು ತಿಂಗಳಾಯ್ತು. ಯಾವೂರಿಗೆ ಅಂತ ಯಾರಿಗೂ ಹೇಳಿಲ್ಲ."

"ಅವರ ಜೊತೆ ಒಂದು ಮಗು ಇತ್ತಲ್ಲ?"

"ಮಗುನಾ? ಅವರಿಗೆಲ್ಲಿ ಮಗು..." ಹೆಂಗಸು ಯೋಚಿಸಿದಳು. "ಓ, ಆ ಕೆಲಸದ ಪುಟ್ಟಿನಾ? ಕರ್ಕೊಂಡೇ ಹೋದ್ರು ಅನ್ಸುತ್ತೆ. ಅಯ್ಯೋ ಪಾಪ, ಬಕೆಟ್ಟೇ ಅದಕ್ಕಿಂತ ದೊಡ್ಡದು, ಎಳ್ಕೊಂಡು ಎಳ್ಕೊಂಡು ಮೆಟ್ಟಿಲು ತೊಳೀತಿತ್ತು. ಮೊದಮೊದಲು ದಿನಾ ಗೇಟಿನ ಹತ್ರ ನಿಲ್ತಿತ್ತು. ಯಾಕೆ ಪುಟ್ಟಿ ಅಂದ್ರೆ, ನಮ್ಮಕ್ಕನ್ನ ಕರ್ಕೊಂಡು ಆಫೀಸಿನೋರು ಬರ್ತಾರೆ ಅಂತಿತ್ತು. ಆಮೇಲಾಮೇಲೆ ನಿಲ್ಲೋದು ಬಿಟ್ಬಿಡ್ತು." ಬಟ್ಟೆಗೆ ಕ್ಲಿಪ್ಪು ಹಾಕುತ್ತಾ ಕೇಳಿದಳು, "ಆ ಆಫೀಸಿನೋರು ನೀವೇನಾ?"

ಫೀಲ್ಡಿನವಳು ಆ ಮೆಟ್ಟಿಲ ಮೇಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಸೊನ್ನೆಯಕ್ಕನಿಗೆ ಅಳುವೂ ಬರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪೊಲೀಸ್ ಠಾಣೆಯಲ್ಲಿ ದೂರು ಬರೆಯುತ್ತಿದ್ದವನು, ಕೊನೆಯ ಸಲ ಮಗುವನ್ನು ನೋಡಿದ್ದು ಯಾವಾಗ ಅಂತ ಕೇಳಿದ. ಹದಿಮೂರು ತಿಂಗಳ ಹಿಂದೆ ಅಂದಾಗ ಪೆನ್ನು ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದ. ಇದ್ದ ಒಂದೇ ಫೋಟೊ ಐದರ ವಯಸ್ಸಿನದು. ಆ ವಯಸ್ಸಿನ ಮಕ್ಕಳು ವರ್ಷದಲ್ಲಿ ಗುರುತೇ ಸಿಗದಷ್ಟು ಬದಲಾಗುತ್ತಾರೆ ಅಂತ ಅವನೇ ಹೇಳಿದ.

ಸೊನ್ನೆಯಕ್ಕ ಕಚೇರಿಗೆ ಬಂದವಳೇ ಎಲ್ಲ ನಂಬರುಗಳನ್ನೂ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ಇನ್ನೂರು ಎತ್ತಿದಳು. ಮೂರು ವಾರ ಕೂತು ಓದಿದಳು. ಅಂಕ ಬಂದದ್ದು ಹದಿನೇಳು. ಹೊರಗೆ ಥಳುಕು, ಒಳಗೆ ಹುಳುಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ವರದಿ ಒಯ್ದು ಸಾಹೇಬರ ಮೇಜಿನ ಮೇಲಿಟ್ಟಳು.

"ಇದನ್ನ ಮೇಲಕ್ಕೆ ಕಳಿಸಿದ್ರೆ ಏನಾಗುತ್ತೆ ಗೊತ್ತೇನಮ್ಮಾ?"

"ಫೀಲ್ಡಿಗೆ ಇನ್ನೂ ಜನ ಕೊಡ್ತಾರೆ ಅಂದ್ಕೊಂಡಿದ್ದೀನಿ ಸಾರ್."

ಸಾಹೇಬರು ನಕ್ಕರು. ಕೆಟ್ಟವರೇನಲ್ಲ ಆತ, ವರದಿಯನ್ನು ಮುಚ್ಚಿಡದೆ ಕಳಿಸಿದರು. ಎರಡು ತಿಂಗಳು ಕಾದ ಮೇಲೆ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಅದನ್ನು ಓದಿ ನನ್ನ ಮೈ ಉರಿದುಹೋಯಿತು, ನಿಮಗೂ ಹೇಳುತ್ತೇನೆ. ಅಳೆಯುವ ಕ್ರಮ ಬದಲಾದ್ದರಿಂದ ಹಿಂದಿನದಕ್ಕೂ ಇದಕ್ಕೂ ಹೋಲಿಕೆ ಸಲ್ಲದು, ತೊಂಬತ್ಮೂರು ಹಾಗೆಯೇ ಉಳಿಯತಕ್ಕದ್ದು. ದೋಷ ತೋರಿಸಿಕೊಟ್ಟ ನೌಕರರನ್ನು ಮೆಚ್ಚಲಾಗಿದೆ. ಸುಧಾರಣೆಯ ಕ್ರಮವಾಗಿ, ಬರುವ ತಿಂಗಳಿಂದ ಸೊನ್ನೆಯ ಬದಲು ಐದರಲ್ಲಿ ಮುಗಿಯುವ ಫೈಲುಗಳನ್ನು ಓದತಕ್ಕದ್ದು. ಈ ವಿಷಯವನ್ನು ಎಲ್ಲ ಫೀಲ್ಡಿನವರ ಗಮನಕ್ಕೂ ತರತಕ್ಕದ್ದು! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರೆ. ಇವರು ದಿಡ್ಡಿ ಬಾಗಿಲನ್ನು ಕಿತ್ತು ಪಕ್ಕದ ಗೋಡೆಗೆ ಇಟ್ಟು, ಕಳ್ಳರಿಗೆ ವಿಳಾಸವನ್ನೂ ಬರೆದು ಕೊಟ್ಟರು. ಫೀಲ್ಡಿಗೆ ಒಂದು ನರಪಿಳ್ಳೆಯನ್ನೂ ಕೊಡಲಿಲ್ಲ. ಮೇಲಾಗಿ, ಸೊನ್ನೆಯಕ್ಕನಿಗೆ ಬಡ್ತಿ. ಸೋಮವಾರದಿಂದ ದೂರದ ಮುಖ್ಯ ಕಚೇರಿಯಲ್ಲಿ ಕೂತು ಎಲ್ಲ ಜಿಲ್ಲೆಗಳಿಗೂ ಈ ಐದರ ಕ್ರಮವನ್ನು ಕಲಿಸಬೇಕು.

ಅವಳು ಬೇಡ ಅಂತ ಎರಡು ಅರ್ಜಿ ಬರೆದಳು, ಎರಡೂ ವಾಪಸ್ ಬಂದವು. ಪೊಲೀಸರಿಂದಲೂ ಸುದ್ದಿಯಿಲ್ಲ. ಶನಿವಾರ ಫೀಲ್ಡಿನವಳು ಮುಖ ತಪ್ಪಿಸಿಕೊಂಡು ಬಂದು ನಿಂತಳು.

"ಇವತ್ತು 2340ಕ್ಕೆ ಹೋಗ್ತಿದ್ದೀನಿ ಅಕ್ಕಾ. ಕೊನೇ ಸಲ. ತಂಗಿ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಮುಂದಿನ ತಿಂಗಳಿಂದ ನಂಗೆ ಐದರವೇ ಒಂಬತ್ತಿವೆ."

"ನಾನೂ ಬರ್ತೀನಿ," ಅಂದಳು ಸೊನ್ನೆಯಕ್ಕ. "ಅವಳಿಗೆ ನಿಜ ಹೇಳ್ಬೇಕು. ಅಷ್ಟಾದರೂ ಮಾಡ್ಬೇಕು."

ಮನೆ ಚೊಕ್ಕಟವಾಗಿತ್ತು. ಸಾಕಿದ ತಾಯಿ ಕುರ್ಚಿ ಹಾಕಿ, ನಿಯಮದಂತೆ ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಹುಡುಗಿ ಬಂದು ಎದುರಿಗೆ ಕೂತಳು. ಬಿಗಿಯಾಗಿ ಹೆಣೆದ ಎರಡು ಜಡೆ, ಬೆರಳಿಗೆ ಅಂಟಿದ ಶಾಯಿ. ಹನ್ನೆರಡು ವರ್ಷದಲ್ಲಿ ಸೊನ್ನೆಯಕ್ಕ ನೋಡಿದ ಮೊದಲ ಮಗು ಅವಳು.

"ನನ್ನ ತಂಗಿ ಹೇಗಿದ್ದಾಳೆ?" ಕೂತ ತಕ್ಷಣ ಅದೇ ಮಾತು.

ಫೀಲ್ಡಿನವಳು ನೆಲ ನೋಡಿದಳು. ಸೊನ್ನೆಯಕ್ಕನೇ ಹೇಳಿದಳು. "ಎಲ್ಲಿದ್ದಾಳೆ ಅಂತ ನಮಗೆ ಗೊತ್ತಿಲ್ಲ ಪುಟ್ಟಿ. ಆ ಮನೆಯವರು ಅವಳನ್ನ ಕರ್ಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದಾರೆ."

"ಚೆನ್ನಾಗಿದ್ದಾಳೆ ಅಂತ ಹೇಳಿದ್ರಲ್ಲ? ಪ್ರತಿ ಸಲ ಹೇಳಿದ್ರಲ್ಲ?"

"ಸುಳ್ಳು ಹೇಳಿದ್ವಿ. ಮೊದಲ ತಿಂಗಳು ಬಿಟ್ರೆ ನಾವ್ಯಾರೂ ಹೋಗಿ ನೋಡಿರ್ಲಿಲ್ಲ."

ಹುಡುಗಿ ಅಳಲಿಲ್ಲ. ಬೆರಳಿನ ಶಾಯಿಯನ್ನು ಉಜ್ಜಿದಳು, ಮತ್ತೆ ಮತ್ತೆ ಉಜ್ಜಿದಳು. "ಮತ್ತೆ ನನ್ನನ್ನ ಮಾತ್ರ ಯಾಕೆ ನೋಡಕ್ಕೆ ಬರ್ತಿದ್ರಿ?"

ಏನು ಹೇಳುವುದು ಹೇಳಿ? ನಿನ್ನ ನಂಬರಿನ ಕೊನೆಗೆ ಸೊನ್ನೆ ಇತ್ತು, ಅವಳದಕ್ಕೆ ಒಂದು ಇತ್ತು ಅಂತಲೇ? "ತಪ್ಪು ನನ್ನದು, ಪುಟ್ಟಿ," ಅಂದಳು ಸೊನ್ನೆಯಕ್ಕ.

ಹುಡುಗಿ ದೊಡ್ಡವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು. "ಒಂದು ಕೆಲಸ ಮಾಡಿ. ಮುಂದಿನ ತಿಂಗಳು ನನ್ನ ನೋಡಕ್ಕೆ ಬರ್ಬೇಡಿ. ಆ ದಿನ ಅವಳನ್ನ ಹುಡುಕಕ್ಕೆ ಹೋಗಿ. ಸಿಗೋವರೆಗೂ ನನ್ನ ಹತ್ರ ಬರೋದೇ ಬೇಡ. ನಾನೇನೂ ಅಂದ್ಕೊಳ್ಳಲ್ಲ."

ನಿಜ ಹೇಳಲೆಂದೇ ಬಂದಿದ್ದವಳಿಗೆ, ಇನ್ನು ಮುಂದೆ ಐದರ ಮಕ್ಕಳನ್ನು ಮಾತ್ರ ನೋಡುತ್ತಾರೆ ಅನ್ನುವ ಉಳಿದರ್ಧ ನಿಜ ಹೇಳುವ ಧೈರ್ಯವಾಗಲಿಲ್ಲ.

"ಆಗಲಿ ಪುಟ್ಟಿ," ಅಂದಳು.

ಮುಂದಿನ ತಿಂಗಳು ಆ ಮನೆಗೆ ಯಾರೂ ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಹುಡುಗಿ ಸಾಕಿದ ತಾಯಿಗೆ, ಎಲ್ಲರೂ ನನ್ನ ತಂಗೀನ ಹುಡುಕ್ತಿದ್ದಾರೆ, ಅದಕ್ಕೇ ಬರ್ತಿಲ್ಲ ಅಂತ ಖುಷಿಯಾಗಿ ಹೇಳಿಕೊಂಡು ಓಡಾಡುತ್ತಿದ್ದಾಳೆ.