ಪುಸ್ತಕಕ್ಕೆ ಏರಿದ ತೂಕ

ಚಿತ್ರದುರ್ಗದ ಬಸ್ ನಿಲ್ದಾಣದಿಂದ ಹೊರಟಾಗ ನಮ್ಮ ದೊಡ್ಡ ಚೀಲ ಖಾಲಿಯಿತ್ತು. ಮರಳಿ ಬರುವಾಗ ಅದರಲ್ಲಿ ಮೂರು ತೂಕದ ತಟ್ಟೆಗಳಿರಬೇಕಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮೂರು ಸಣ್ಣ ವಾಚನಾಲಯಗಳಲ್ಲಿ ಎಂಟು ತಿಂಗಳ ಹಿಂದೆ ಇಟ್ಟು ಬಂದಿದ್ದ ಉಪಕರಣಗಳನ್ನು ಕಿತ್ತು ತರುವುದೇ ಪ್ರಯಾಣದ ಉದ್ದೇಶ. ಕಂಡಕ್ಟರ್ ನನ್ನ ಕೈಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು ಇವರ ಕಡೆ ತಿರುಗಿದರು. ಇವರು ಎಂದರೆ ನನ್ನ ಗಂಡ ರುದ್ರೇಶ್. "ಗಂಡಸಾಗಿ ಹುಟ್ಟಿದ್ದಕ್ಕೆ ದಂಡ ಕಟ್ರಿ ಸಾರ್," ಎಂದರು ಕಂಡಕ್ಟರ್. ಬೇರೆ ದಿನವಾಗಿದ್ದರೆ ಇವರು ಏನಾದರೂ ಮರುಮಾತು ಆಡುತ್ತಿದ್ದರು. ಅಂದು ದುಡ್ಡು ಕೊಟ್ಟು ಸುಮ್ಮನೆ ಕಿಟಕಿಯ ಕಡೆ ನೋಡಿದರು.

ಈ ಮೌನಕ್ಕೆ ಕಾರಣ ಒಂದು ವಾಕ್ಯ. ನಾನು ಕಾಲೇಜೊಂದರ ಗ್ರಂಥಪಾಲಕಿ. ಕೃಷಿಯ ಬಗೆಗಿನ ಲೇಖನ, ಪುಸ್ತಕಗಳಲ್ಲಿ ಯಾವುದನ್ನು ಯಾರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸುವುದು ನನ್ನ ಸಂಶೋಧನೆ. ಎಣಿಸುತ್ತ ಎಣಿಸುತ್ತ ಒಂದು ಪ್ರಶ್ನೆ ಹುಟ್ಟಿತು. ಉಲ್ಲೇಖ ಮಾಡುವವರೆಲ್ಲ ಬರೆಯುವವರು. ಬರೆಯದೆ ಬರೀ ಓದುವವರನ್ನು ಎಣಿಸುವುದು ಹೇಗೆ? ವಾಚನಾಲಯಕ್ಕೆ ಬಂದು, ಪುಸ್ತಕವನ್ನು ಮನೆಗೂ ಒಯ್ಯದೆ, ನಿಂತಲ್ಲೇ ತಿರುವಿ ಹೋಗುವ ರೈತರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಇವರು ಅದಕ್ಕೊಂದು ದಾರಿ ಹುಡುಕಿದರು. ಪುಸ್ತಕ ಇಡುವ ತಟ್ಟೆ. ಅದರಡಿ ಒಂದು ಅಲ್ಯೂಮಿನಿಯಂ ಪಟ್ಟಿ. ಮೇಲಿನ ಭಾರಕ್ಕೆ ಆ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅಂಟಿಸಿದ ಸೆನ್ಸರ್ ಆ ಬಾಗನ್ನು ಅಳೆದು ಮನೆಯ ಕಂಪ್ಯೂಟರಿಗೆ ಕಳಿಸುತ್ತದೆ. ಪುಸ್ತಕ ಎತ್ತಿದರೆ ತಿಳಿಯುತ್ತದೆ, ಇಟ್ಟರೆ ತಿಳಿಯುತ್ತದೆ. ಮೂರೂ ಊರಿನಲ್ಲಿ ಒಂದೇ ಪುಸ್ತಕ: ಬೆಳೆಗಳ ರೋಗ ಮತ್ತು ಕೀಟಗಳ ಬಣ್ಣದ ಚಿತ್ರಗಳಿದ್ದ ದಪ್ಪ ಕೈಪಿಡಿ.

ಮಳೆಗಾಲದ ಹೊತ್ತಿಗೆ ಅಳತೆ ಕೆಟ್ಟಿತು. ಹೊಸದುರ್ಗದ ಪುಸ್ತಕ ಒಂದೇ ಸಮ ಭಾರವಾಗುತ್ತ ಹೋಯಿತು. ಹೊಳಲ್ಕೆರೆಯದು ಒಂದು ದಿನ ಇದ್ದಕ್ಕಿದ್ದಂತೆ ಹಗುರವಾಗಿ ಹಾಗೇ ನಿಂತಿತು. ಪುಸ್ತಕ ಬೆಳೆಯುವುದೂ ಇಲ್ಲ, ಸವೆಯುವುದೂ ಇಲ್ಲ. ಹಾಗಾಗಿ ಕೊನೆಯ ವರದಿಯಲ್ಲಿ ನಾನು, ಭಾರವಿಲ್ಲದಾಗ ಉಪಕರಣ ತೋರಿಸಬೇಕಾದ ಸೊನ್ನೆಯೇ ಜಾರುತ್ತಿದೆ, ಅದರ ಅಳತೆಯನ್ನು ನಂಬುವಂತಿಲ್ಲ ಎಂದು ಬರೆದೆ. ಇವರು ಅದನ್ನು ಓದಿ, "ಸರಿಯಾಗೇ ಬರೆದಿದೀಯ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಿಂದಿನ ರೂಮಿನ ಬೆಂಚು ತೆಗಿಸಿಬಿಡಾಣ. ಅಕ್ಕಿ ಚೀಲ ಇಡಾಕೆ ಜಾಗ ಆಗುತ್ತೆ," ಎಂದರು. ಮದುವೆಯಾದಾಗಿನಿಂದ ನಾನು ನೋಡಿದ, ಇವರು ಉಪಕರಣ ಜೋಡಿಸುವ ಬೆಂಚು ಅದು. ಸಂಜೆಯಾದರೆ ಅಲ್ಲಿ ಬೆಸುಗೆಯ ಹೊಗೆ, ರೇಡಿಯೋ. ವರದಿ ಬರೆದ ದಿನದಿಂದ ಅದರ ಮೇಲೆ ಒಂದು ಹಳೆಯ ಪಂಚೆ ಹೊದೆಸಿಟ್ಟಿದ್ದಾರೆ.

ಹಿರಿಯೂರಿಗೆ ಹೆದ್ದಾರಿಯಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ. ಕಾರ್ತಿಕದ ಎಳೆ ಬಿಸಿಲು. ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಕೆಲವು ಮಾತ್ರ ತಿರುಗುತ್ತಿದ್ದವು. ವಾಚನಾಲಯದಲ್ಲಿ ಇಬ್ಬರು ಪತ್ರಿಕೆ ಓದುತ್ತಿದ್ದರು, ಒಬ್ಬರು ಪತ್ರಿಕೆಯ ಹಿಂದೆ ನಿದ್ದೆ ಮಾಡುತ್ತಿದ್ದರು. ನಮ್ಮ ಪುಸ್ತಕ ಹೊಸದರಂತೆಯೇ ಇತ್ತು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಇಲ್ಲಿ ಎಲ್ಲಾ ಫೋನಿನಾಗೇ ನೋಡ್ಕಂತಾರೆ ಮೇಡಂ," ಎಂದರು ವಾಚನಾಲಯ ನೋಡಿಕೊಳ್ಳುವವರು, ತಮ್ಮದೇ ತಪ್ಪೇನೋ ಎನ್ನುವ ದನಿಯಲ್ಲಿ. ಆ ತಟ್ಟೆಯ ಅಳತೆ ಮಳೆ ಹಿಡಿದಾಗ ಎರಡು ಗ್ರಾಂ ಏರಿ, ಬಿಸಿಲು ಬಿದ್ದ ಮೇಲೆ ಇಳಿದಿತ್ತು. ಕಾಗದ ತೇವ ಕುಡಿದು ಒಣಗಿದ್ದು, ಅಷ್ಟೆ. "ಈ ತಟ್ಟೆ ಸರಿಯಾಗೇ ಇದೆಯಲ್ಲಾರೀ," ಎಂದೆ. "ಯಾರೂ ಮುಟ್ಟಿಲ್ಲ. ಮುಟ್ಟದಿದ್ರೆ ಎಲ್ಲಾದೂ ಸರಿಯಾಗೇ ಇರುತ್ತೆ," ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ಮಿರ್ಚಿ ಮಂಡಕ್ಕಿ ತಿಂದು ಹೊಸದುರ್ಗದ ಖಾಸಗಿ ಬಸ್ ಹತ್ತಿದೆವು. ಇದರಲ್ಲಿ ನನಗೂ ಟಿಕೆಟ್ ದುಡ್ಡು. ಮಾರಿಕಣಿವೆ ಜಲಾಶಯ ತುಂಬಿತ್ತು, ದಾರಿಯ ತಿರುವಿನಲ್ಲಿ ನೀರು ಒಮ್ಮೆ ಹೊಳೆದು ಗುಡ್ಡದ ಮರೆಗೆ ಸರಿಯಿತು. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಈ ಅಣೆಕಟ್ಟಿನ ಮೇಲೆ ನಡೆದಿದ್ದೇನೆಂದು ನನಗೆ ಚೆನ್ನಾಗಿ ನೆನಪಿದೆ. ನನ್ನ ಅಕ್ಕನ ಪ್ರಕಾರ ಅಂದು ನನಗೆ ಜ್ವರ, ನಾನು ಬಸ್ಸಿನಿಂದ ಇಳಿದೇ ಇರಲಿಲ್ಲ. ಇಬ್ಬರಲ್ಲಿ ಯಾರದ್ದು ನಿಜವೆಂದು ಹೇಳಲು ಈಗ ಅಪ್ಪನಿಲ್ಲ. ಅಕ್ಕನೊಡನೆ ಆ ವಾದವಾದಂದಿನಿಂದ ಏನನ್ನೇ ಆದರೂ ಆ ದಿನವೇ ಬರೆದಿಡುತ್ತೇನೆ. ಆದರೂ ಬರೆಯುವ ಕೈ ನನ್ನದೇ ಅಲ್ಲವೇ ಎಂಬ ಅನುಮಾನ ಹೋಗುವುದಿಲ್ಲ.

ಹೊಸದುರ್ಗದ ವಾಚನಾಲಯ ನೋಡಿಕೊಳ್ಳುವವರು ತಿಪ್ಪೇಸ್ವಾಮಿ. ಬೆಳಗ್ಗೆ ಹೊಲ, ಮಧ್ಯಾಹ್ನದ ಮೇಲೆ ಇಲ್ಲಿ. "ಬರ್ರಿ ಬರ್ರಿ, ಕುಂತ್ಕಳ್ರಿ. ಏನ್ ಸಾರ್, ಸೊರಗಿದೀರಿ?" ಎನ್ನುತ್ತ ಕುರ್ಚಿ ಒರೆಸಿದರು. ಇವರು ಕೂರಲಿಲ್ಲ. ನೇರವಾಗಿ ತಟ್ಟೆಯ ಬಳಿ ಹೋಗಿ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿದರು. ಅದು ಹೊಟ್ಟೆ ಉಬ್ಬಿದಂತೆ ದಪ್ಪಗಾಗಿತ್ತು. ಅಂಚಿನಿಂದ ಏನೋ ಕಂದು ಪುಡಿ ಮೇಜಿನ ಮೇಲೆ ಉದುರಿತು.

ನಾನು ಪುಸ್ತಕ ತೆರೆದೆ. ಒಳಗೆ ಎಲೆಗಳಿದ್ದವು. ಶೇಂಗಾ ಎಲೆ, ಹತ್ತಿ ಎಲೆ, ತೆಂಗಿನ ಗರಿಯ ತುಂಡು, ಅಂಗೈಯಗಲದ ಹರಳೆಲೆ, ಎಲ್ಲವೂ ಚಪ್ಪಟೆಯಾಗಿ ಒಣಗಿ, ಒಂದೊಂದು ರೋಗದ ಚಿತ್ರದ ಪಕ್ಕದಲ್ಲಿ ಒಂದೊಂದು. ಕೆಲವು ಪುಟಗಳಲ್ಲಿ ಮೂರು ನಾಲ್ಕು.

"ಇದೇನ್ರೀ?" ಎಂದು ತಿಪ್ಪೇಸ್ವಾಮಿಯನ್ನು ಕೇಳಿದೆ.

"ಎಲೆ ಮೇಡಂ. ಜನ ತರ್ತಾರೆ. ನೀವು ಎಷ್ಟು ಜನ ಓದ್ತಾರೆ ಅಂತ ಕೇಳಿದ್ರಿ, ಎಲೆ ವಿಚಾರ ಕೇಳಲಿಲ್ಲ."

ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದರು. ಮತ್ತೋಡಿನ ಕಡೆಯ ರತ್ನಮ್ಮ, ದಾಳಿಂಬೆ ಬೆಳೆಯುವವರು ಎಂದು ತಿಪ್ಪೇಸ್ವಾಮಿ ಪರಿಚಯಿಸಿದರು. ಅವರು ಕರವಸ್ತ್ರದಿಂದ ಚುಕ್ಕೆ ಬಿದ್ದ ನಾಲ್ಕೈದು ಹಸಿ ಎಲೆ ತೆಗೆದು, ನಮ್ಮ ಕೈಯಿಂದಲೇ ಪುಸ್ತಕ ಇಸಿದುಕೊಂಡು ದಾಳಿಂಬೆಯ ಪುಟ ಹುಡುಕಿದರು.

"ಎಲೆ ಯಾಕಮ್ಮ ಒಳಗೇ ಬಿಡ್ತೀರಿ?" ಎಂದೆ.

"ಚಿತ್ರದಾಗಿನ ಬಣ್ಣಕ್ಕೂ ನಮ್ಮ ಹೊಲದ ಬಣ್ಣಕ್ಕೂ ಕೂಡಾಕಿಲ್ಲ ಕಣವ್ವ. ನಮ್ದೂ ಒಂದು ಪಕ್ಕದಾಗೆ ಇಟ್ರೆ ಮುಂದೆ ಬರೋರು ಎರಡೂ ನೋಡ್ಕಂತಾರೆ," ಎಂದು ಹಿಂದಿನ ಪುಟ ತಿರುವಿದರು. "ಇದು ನೋಡ್ರಿ, ಯಾರೋ ಶೇಂಗಾ ಎಲೆನ ತುಕ್ಕಿನ ಪುಟಕ್ಕೆ ಇಟ್ಟವ್ರೆ. ಅದು ಚುಕ್ಕಿ ರೋಗ. ನಾನು ತೆಗ್ದು ಚುಕ್ಕಿ ಕಡೆ ಹಾಕಿದ್ದೆ. ಬಂದು ನೋಡಿದ್ರೆ ಮತ್ತೆ ತುಕ್ಕಿಗೇ ಹೋಗೈತೆ. ಯಾವನೋ ಹಠಮಾರಿ."

"ಆ ಹಠಮಾರಿ ನಾನೇ ಕಣಕ್ಕ," ಎಂದರು ತಿಪ್ಪೇಸ್ವಾಮಿ. "ನನ್ನ ಹೊಲದ ಎಲೆ ಅದು. ತುಕ್ಕೇ."

"ನಿನ್ನ ತಲೆಗೆ ತುಕ್ಕು ಹಿಡ್ದೈತೆ."

ನಾನು ನಕ್ಕೆ. ಇವರು ನಗಲಿಲ್ಲ. ಫೋನಿನಲ್ಲಿ ಹೊಸದುರ್ಗದ ಅಳತೆಯ ಗೆರೆಯನ್ನು ತೆರೆದು ನಿಂತಿದ್ದರು. ಆ ಗೆರೆ ಮೆಟ್ಟಿಲಿನಂತೆ ಏರಿತ್ತು, ಪ್ರತಿ ಮೆಟ್ಟಿಲೂ ಏರಿದ ಮೇಲೆ ಸ್ವಲ್ಪ ಕೆಳಕ್ಕೆ ಜಾರಿ ಸಮವಾಗಿತ್ತು. ಆ ಜಾರುವಿಕೆಯನ್ನೇ ನಾವು ಪಟ್ಟಿಯ ದೋಷವೆಂದು ಬಗೆದಿದ್ದು.

"ಅಮ್ಮಾ, ಪುಸ್ತಕದೊಳಗೆ ಇಟ್ಟ ಹಸಿ ಎಲೆ ಒಣಗಕ್ಕೆ ಎಷ್ಟು ದಿನ ಬೇಕು?" ಎಂದು ಇವರು ರತ್ನಮ್ಮನನ್ನು ಕೇಳಿದರು.

"ಒಂದು ವಾರ ಅನ್ರಿ. ಹರಳೆಲೆ ಆದ್ರೆ ಇನ್ನೂ ಎರಡು ದಿನ."

ಇವರು ಫೋನನ್ನು ನನ್ನ ಮುಂದೆ ಹಿಡಿದು ಒಂದು ಮೆಟ್ಟಿಲಿನ ಮೇಲೆ ಬೆರಳಿಟ್ಟರು. ಇಳಿಜಾರು ಒಂದು ವಾರದಷ್ಟೇ ಉದ್ದವಿತ್ತು. ಎಲೆ ಒಣಗುವುದನ್ನು ಆ ತಟ್ಟೆ ಗಂಟೆಗೊಮ್ಮೆ ನೋಡುತ್ತ ಕುಳಿತಿತ್ತು.

ಇಷ್ಟು ಸಾಕಿತ್ತು, ಸಂತೋಷಪಡಬಹುದಿತ್ತು. ಆದರೆ ನನಗೆ ನನ್ನ ಮೇಲೆಯೇ ಸಂಶಯ. ಆ ಬೆಂಚು ಉಳಿಯಲಿ ಎಂದು ಬಯಸುವವಳು ನಾನು. ಬಯಸಿದ್ದನ್ನೇ ಕಾಣುವ ಕಣ್ಣನ್ನು ನಂಬುವುದು ಹೇಗೆ? ಸಂಜೆ ವಸತಿಗೃಹದಲ್ಲಿ ಮುದ್ದೆ ಮುರಿಯುತ್ತ ಇದನ್ನು ಹೇಳಿದೆ. ಇವರಿಗೆ ಬೇಸರವಾಗಲಿಲ್ಲ. "ತೂಗಿಬಿಡಾಣ," ಎಂದರು.

ಮರುದಿನ ಬೆಳಗ್ಗೆ, ತಿಪ್ಪೇಸ್ವಾಮಿ ಹೊಲಕ್ಕೆ ಹೋಗುವ ಮುಂಚೆ ಕೊಟ್ಟ ಬೀಗದ ಕೈಯಿಂದ ವಾಚನಾಲಯ ತೆರೆದು, ಯಾವ ಎಲೆ ಯಾವ ಪುಟದ್ದೆಂದು ಚೀಟಿ ಹಚ್ಚಿ, ಒಣ ಎಲೆಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿದೆವು. ಹೊಸದುರ್ಗದಲ್ಲಿ ಗ್ರಾಮಿನ ಚೂರನ್ನೂ ತೂಗುವ ತಕ್ಕಡಿ ಇರುವುದು ಬಂಗಾರದ ಅಂಗಡಿಯಲ್ಲಿ. ಡಬ್ಬಿಯನ್ನು ನೋಡಿ ಅಂಗಡಿಯ ಆಚಾರ್ರು ಕನ್ನಡಕ ಏರಿಸಿದರು. "ಬಂಗಾರದ ರೇಟು ನೋಡಿ ಜನ ಎಲೆ ಹಾಕ್ಕಳಾಕೆ ಶುರು ಮಾಡಿದ್ರಾ?" ಎಂದರು. ಆದರೂ ಎದ್ದು ಫ್ಯಾನ್ ಆರಿಸಿ, ತಕ್ಕಡಿಯ ಗಾಜಿನ ಬಾಗಿಲು ತೆಗೆದರು. "ಉಸಿರು ಬಿಗಿ ಹಿಡ್ಕಳ್ರಿ. ಹಾರಿದ್ರೆ ನಾನು ಜವಾಬ್ದಾರ ಅಲ್ಲ."

ಪುಸ್ತಕಕ್ಕೆ ಏರಿದ ತೂಕವೆಂದು ತಟ್ಟೆ ಹೇಳಿದ್ದು ಹದಿಮೂರು ಗ್ರಾಂ. ಆಚಾರ್ರ ತಕ್ಕಡಿ ಹನ್ನೊಂದೂ ಚಿಲ್ಲರೆ ತೋರಿಸಿತು. ಚಿಲ್ಲರೆ ಎಷ್ಟೆಂದು ನನ್ನ ದಿನಚರಿಯಲ್ಲಿಲ್ಲ. ಬರೆಯುವ ಬದಲು ನಾನು ಇವರ ಮುಖ ನೋಡುತ್ತಿದ್ದೆ.

"ಉಳಿದದ್ದು?" ಎಂದೆ.

"ಸ್ವಲ್ಪ ಪುಡಿಯಾಗಿ ಉದುರಿರಬೇಕು. ಇನ್ನು ಸ್ವಲ್ಪ ನಂದು," ಎಂದರು. ತಮ್ಮ ತಟ್ಟೆಯ ತಪ್ಪಿನ ಪಾಲನ್ನು ಇವರು ಹೇಳಿದ್ದು ಅಂಗಡಿಯಲ್ಲೋ, ಮೆಟ್ಟಿಲಿಳಿದ ಮೇಲೋ ಮರೆತಿದ್ದೇನೆ. ದನಿ ಮಾತ್ರ ನೆನಪಿದೆ, ಬೆಂಚಿನ ಮುಂದೆ ಕುಳಿತಾಗಿನ ದನಿ. ಆಚಾರ್ರು, "ಮಜೂರಿ ಬ್ಯಾಡ, ಹೋಗ್ರಿ," ಎಂದು ಫ್ಯಾನ್ ಹಾಕಿಕೊಂಡರು.

ವಾಚನಾಲಯಕ್ಕೆ ಮರಳಿ ಎಲೆಗಳನ್ನು ಅದದೇ ಪುಟಗಳಿಗೆ ಸೇರಿಸಿ, ಪುಸ್ತಕವನ್ನು ತಟ್ಟೆಯ ಮೇಲಿಟ್ಟು, ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಟೆವು. ಜಗಳದ ಶೇಂಗಾ ಎಲೆಯನ್ನು ಎಲ್ಲಿಡುವುದೆಂದು ತಿಳಿಯದೆ ಎರಡು ಪುಟಗಳ ನಡುವೆ ಇಟ್ಟೆ.

ಹೊಳಲ್ಕೆರೆ ಬಸ್ಸಿನಲ್ಲಿ ಇವರು ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದರು. ಅಲ್ಲಿನ ಪುಸ್ತಕ ಒಂದೇ ದಿನ ಹಗುರವಾಗಿತ್ತಲ್ಲ. ಪುಸ್ತಕದ ತೂಕವನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿ ಒಂದು ಹಾಳೆಯ ತೂಕ ಕಂಡು, ಕಡಿಮೆಯಾದ ತೂಕಕ್ಕೆ ಹೋಲಿಸಿ, "ಎರಡು ಹಾಳೆ," ಎಂದರು. "ಯಾರೋ ಎರಡು ಹಾಳೆ ಹರಿದಿದಾರೆ. ಪುಸ್ತಕ ತೆಗಿಯೋ ಮುಂಚೆನೇ ಹೇಳ್ತಿದೀನಿ, ನೆನಪಿಟ್ಕೋ."

"ಹರಿದಿಲ್ಲದಿದ್ರೆ?"

"ಇಲ್ದಿದ್ರೆ ಅಕ್ಕಿ ಚೀಲ," ಎಂದರು.

ನನಗೆ ನಗು ಬರಲಿಲ್ಲ. ಹೊಸದುರ್ಗದ್ದು ಕಂಡ ಮೇಲೆ ಕೊಟ್ಟ ವಿವರಣೆ. ಇದು ಕಾಣುವ ಮೊದಲೇ ಕೊಟ್ಟ ಮಾತು. ಇವರ ಮಾತು ಸುಳ್ಳಾದರೆ ಬೆಳಗಿನ ಸಂತೋಷವೂ ಹೋಗುತ್ತದೆ. ಹೊರಗೆ ಮುರಿದ ಮೆಕ್ಕೆಜೋಳವನ್ನು ರಸ್ತೆಯಂಚಿಗೇ ಹರಡಿ ಒಣಗಿಸಿದ್ದರು. ಬಸ್ ಅದನ್ನು ತಪ್ಪಿಸಿಕೊಂಡು ವಾಲಾಡುತ್ತ ಹೋಯಿತು.

ಹೊಳಲ್ಕೆರೆಯ ವಾಚನಾಲಯವನ್ನು ನೋಡಿಕೊಳ್ಳುವ ಶಾರದಮ್ಮ ನಮಗೆ ಟೀ ತರಿಸಿದರು. ಇವರು ಪುಸ್ತಕ ತೆಗೆದು ಮೊದಲಿನಿಂದ ಪುಟಸಂಖ್ಯೆ ನೋಡುತ್ತ ಬಂದರು. ಟೀ ಆರಿತು. ಮೆಕ್ಕೆಜೋಳದ ಹುಳುವಿನ ಭಾಗ ಬಂದಾಗ ಕೈ ನಿಂತಿತು. ಹುಳುವಿನ ಚಿತ್ರವಿದ್ದ ಹಾಳೆ ಇರಲಿಲ್ಲ. ಹೊಲಿಗೆಯ ಬಳಿ ಹರಿದ ಅಂಚು ಮಾತ್ರ ಉಳಿದಿತ್ತು.

"ಅಯ್ಯೋ, ಯಾವ ಪಾಪಿ ಹರಿದನೋ. ನನ್ನ ಕಣ್ಣೆದುರಿಗೇ ಕುಂತಿರ್ತಾರೆ," ಎಂದು ಶಾರದಮ್ಮ ನೊಂದುಕೊಂಡರು. ಇವರು ಆ ಪಾಪಿಗೆ ಕೈ ಮುಗಿಯುವವರಂತೆ ನಿಂತಿದ್ದರು. ಆಮೇಲೆ ಮುಖ ಸಣ್ಣದಾಯಿತು. "ಇಲ್ಲಿ ಹರಿದಿರೋದು ಒಂದೇ. ನಾನು ಎರಡು ಅಂದಿದ್ದೆ."

ಇಲ್ಲಿ ನನ್ನ ಕಸುಬು ನೆನಪಾಯಿತು. ಹೊಲಿದ ಪುಸ್ತಕದಲ್ಲಿ ಯಾವ ಹಾಳೆಯೂ ಒಂಟಿಯಲ್ಲ. ಅಗಲವಾದ ಕಾಗದವನ್ನು ನಡುವೆ ಮಡಿಸಿ ಹೊಲಿಯುತ್ತಾರೆ. ಮಡಿಕೆಯ ಈಚೆಗೊಂದು ಹಾಳೆ, ಆಚೆಗೊಂದು. ಒಂದನ್ನು ಜಗ್ಗಿ ಹರಿದರೆ ಅದರ ಜೋಡಿಯೂ ದಾರದಿಂದ ಸಡಿಲಾಗಿ, ಪುಸ್ತಕ ಎತ್ತಿಡುವಾಗಲೇ ಜಾರಿ ಬೀಳುತ್ತದೆ. ನಾನು ಆ ಮಡಿಕೆಗಳನ್ನು ಎಣಿಸಿ ಕೆಲವು ಪುಟ ಮುಂದಕ್ಕೆ ಹೋದೆ. ಅಲ್ಲಿಯೂ ಒಂದು ಸಂಖ್ಯೆ ಹಾರಿತ್ತು.

"ರೀ, ಇಲ್ಲಿ ನೋಡಿ. ಎರಡೇ."

ಶಾರದಮ್ಮ ಸರಕ್ಕನೆ ಎದ್ದು ಮೇಜಿನ ಡ್ರಾಯರ್ ಎಳೆದರು. "ಇದಾ ಮೇಡಂ? ಮಳೆಗಾಲದಾಗೆ ಒಂದಿನ ಕಸ ಗುಡಿಸುವಾಗ ಬಿದ್ದಿತ್ತು. ಯಾವ ಪುಸ್ತಕದ್ದು ಅಂತ ತಿಳೀದೆ ಎತ್ತಿಟ್ಟೀನಿ." ಜಾರಿ ಬಿದ್ದ ಆ ಜೋಡಿ ಹಾಳೆಯೇ. ಸುಕ್ಕೂ ಇರಲಿಲ್ಲ.

ಅಂಟು ತರಿಸಿ ನಾನು ಆ ಹಾಳೆಯನ್ನು ಅದರ ಜಾಗಕ್ಕೆ ಹಚ್ಚಿದೆ. ಅದು ಒಣಗುವವರೆಗೆ ಇವರು ಅಂಗೈಯಿಂದ ಪುಟವನ್ನು ಒತ್ತಿ ಹಿಡಿದುಕೊಂಡಿದ್ದರು. ಪುಸ್ತಕವನ್ನು ತಟ್ಟೆಯ ಮೇಲಿಟ್ಟಾಗ ಫೋನಿನ ಗೆರೆ ಒಂದು ಹಾಳೆಯಷ್ಟು ಮೇಲೇರಿತು. ಇಬ್ಬರೂ ಅದನ್ನು ನೋಡಿದೆವು. ಶಾರದಮ್ಮ ಹೊಸ ಟೀ ತರಿಸಿದರು.

ಚಿತ್ರದುರ್ಗದ ನಿಲ್ದಾಣದಲ್ಲಿ ಇಳಿದಾಗ ಸಂಜೆ. ಕೋಟೆಯ ಬಂಡೆಗಳ ಮೇಲೆ ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ನಾನು ವರದಿಯ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ನನ್ನ ಉಲ್ಲೇಖಗಳ ಎಣಿಕೆಯಲ್ಲಿ ಆ ಕೈಪಿಡಿಗೆ ಇದುವರೆಗೆ ಸಿಕ್ಕಿದ್ದು ಸೊನ್ನೆ. ಎಲೆ ಇಟ್ಟವರನ್ನೂ ಹಾಳೆ ಹರಿದವರನ್ನೂ ಆ ಸೊನ್ನೆಯ ಪಕ್ಕದಲ್ಲಿ ಹೇಗೆ ಬರೆಯಬೇಕೆಂದು ಇನ್ನೂ ಹೊಳೆದಿಲ್ಲ. ಆಟೋದವರು ಕರೆಯುತ್ತಿದ್ದರು. ಇವರು ಮಾತ್ರ ಚೀಲವನ್ನು ಎದೆಗೊತ್ತಿಕೊಂಡು ಹಿಂದೆಯೇ ನಿಂತಿದ್ದರು. ಅದರಲ್ಲಿದ್ದದ್ದು ಹಿರಿಯೂರಿನ ಒಂದೇ ತಟ್ಟೆ, ಯಾರೂ ಮುಟ್ಟದ್ದು.

"ಬೇರೆ ಪುಸ್ತಕ ಇಡಬೇಕಿತ್ತು ಅಲ್ಲಿ," ಎಂದರು. "ಮನೇಲಿ ಬೆಂಚಿನ ಮೇಲೆ ಒಂದ್ಸಲ ತಟ್ಟೆ ಬಿಚ್ಚಿ ನೋಡ್ತೀನಿ. ನೀನು ಒಳ್ಳೆ ಪುಸ್ತಕ ಹುಡುಕು. ಭಾನುವಾರ ಹೋಗಾಣ."

"ವಾಚನಾಲಯ ತೆಗ್ದಿರುತ್ತಾ ಭಾನುವಾರ?"

"ಕೇಳಿದ್ರಾಯ್ತು. ನಿಂಗೇನು, ಸೊನ್ನೆ ಟಿಕೆಟ್. ದಂಡ ಕಟ್ಟೋನು ನಾನು."

ಕಂಡಕ್ಟರಿಗೆ ಹೇಳಬೇಕಿದ್ದ ಮರುಮಾತು ಒಂದೂವರೆ ದಿನ ತಡವಾಗಿ ನನಗೆ ಬಂದಿತ್ತು. ಆಟೋ ಹತ್ತುವ ಮೊದಲು ಇವರು ಒಮ್ಮೆ ಹಿಂತಿರುಗಿ ಹಿರಿಯೂರು ಬಸ್ ನಿಲ್ಲುವ ಜಾಗ ನೋಡಿದರು. ಅಲ್ಲಿ ಬಸ್ ಇರಲಿಲ್ಲ.